ಹದಿನೆಂಟು ಹೆಸರಿನ ಮುಂದೆ ಒಂದೇ ಶಬ್ದ

ತುಂಗಾ ಎರಡನೇ ಕ್ಲಾಸಿನವರೆಗೆ ಕಲಿತವಳು. ಅಷ್ಟರಲ್ಲಿ ತಮ್ಮ ಹುಟ್ಟಿದ. ಅವನನ್ನು ಎತ್ತಿಕೊಳ್ಳಲು ಜನ ಬೇಕಾಯಿತು, ಅವಳ ಶಾಲೆ ನಿಂತಿತು. ಅಚ್ಚಿನ ಅಕ್ಷರ ಕೂಡಿಸಿ ಓದುತ್ತಿದ್ದಳು. ಕೈಬರಹ ಕಂಡರೆ ಇರುವೆ ಸಾಲು ಕಂಡ ಹಾಗೆ. ಅಂಥವಳಿಗೆ ಗಂಡನಾಗಿ ಸಿಕ್ಕಿದವರು ಒಬ್ಬ ಮಾಸ್ಟ್ರು.

ಉಗ್ಗಪ್ಪ ಮಾಸ್ಟ್ರದ್ದು ಮಂಗಲ್ಪಾಡಿಯ ಗುಡ್ಡದ ಪದವಿನ ಮೇಲಿನ ಜಿಲ್ಲಾ ಬೋರ್ಡಿನ ಶಾಲೆ. ಒಂದೇ ಕೋಣೆ, ಮುಳಿಹುಲ್ಲಿನ ಮಾಡು, ಐದು ಕ್ಲಾಸು, ಒಬ್ಬರೇ ಮಾಸ್ಟ್ರು. ರಿಜಿಸ್ಟರಿನಲ್ಲಿ ಇಪ್ಪತ್ತೇಳು ಹೆಸರು. ಗಂಟೆ ಬಡಿದ ಕೂಡಲೇ ಮಕ್ಕಳು ಓಡಿ ಬರುವ ಊರಲ್ಲ ಅದು. ದನ ಬಿಡಬೇಕು, ಗದ್ದೆಯ ಹಕ್ಕಿ ಓಡಿಸಬೇಕು, ಸಣ್ಣದನ್ನು ಸೊಂಟಕ್ಕೆ ಹಾಕಿಕೊಳ್ಳಬೇಕು. ಅದಕ್ಕೆ ಮಾಸ್ಟ್ರು ಗಂಟೆ ಬಡಿದು ಕೊಡೆ ಹಿಡಿದು ಹೊರಡುವರು. ಮನೆ ಮನೆಯ ಬೇಲಿಯ ತಡಮೆಯ ಹತ್ತಿರ ನಿಂತು ಹೆಸರು ಹಿಡಿದು ಕರೆಯುವರು. ಅವರು ಬರುವವರೆಗೆ ಇದ್ದ ಮಕ್ಕಳನ್ನು ತುಂಗಾ ನೋಡಿಕೊಳ್ಳುವಳು. ಹೊಯಿಗೆ ಹರಡಿ ಬೆರಳಲ್ಲಿ ಅ ಆ ತಿದ್ದಿಸುವಳು. ಕಾನೂನಿನಲ್ಲಿ ಹಾಗೆ ಮಾಡಲಿಕ್ಕಿಲ್ಲ. ಹಾಗೆ ಮಾಡದೆ ಆ ಶಾಲೆ ನಡೆಯಲಿಕ್ಕೂ ಇಲ್ಲ.

ಅವಳು ಹೆತ್ತ ಎರಡೂ ಉಳಿಯಲಿಲ್ಲ. ಆ ಮೇಲೆ ಶಾಲೆಯೇ ಮನೆಯಾಯಿತು.

ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರರು ಬರುತ್ತಿದ್ದರು. ಮೊದಲೇ ಕಾಗದ ಬರುತ್ತಿತ್ತು. ತುಂಗಾ ನೆಲಕ್ಕೆ ಸೆಗಣಿ ಸಾರಿಸುವಳು, ಮಕ್ಕಳು ಒಗೆದ ಅಂಗಿ ಹಾಕಿ ಬರುವರು, ಊರವರು ಜಗಲಿಯ ಕೆಳಗೆ ಸೇರುವರು. ಎಷ್ಟು ಮಂದಿ ಪಾಸು, ಎಷ್ಟು ಮಂದಿ ಬಿಟ್ಟರು ಎಂದು ಇನ್ಸ್‌ಪೆಕ್ಟರರು ಎಲ್ಲರಿಗೂ ಕೇಳುವ ಹಾಗೆ ಓದುವರು. ಊರಿಗೆ ಅದೊಂದು ಮರ್ಯಾದೆಯ ದಿನ.

ಮೂವತ್ತೆಂಟನೇ ಇಸವಿಯಲ್ಲಿ ಕಾಗದ ಬರಲಿಲ್ಲ. ಕೊಯ್ಲಿನ ಸಮಯದಲ್ಲಿ ಒಂದು ಬೆಳಗ್ಗೆ ಹೊಸ ಇನ್ಸ್‌ಪೆಕ್ಟರರೇ ಬಂದರು. ಬಳ್ಳಾರಿ ಕಡೆಯವರು. ಉಪ್ಪಳದಲ್ಲಿ ರೈಲಿಳಿದು ನಡೆದೇ ಬಂದಿದ್ದರು, ಮುಖ ಕೆಂಪಾಗಿತ್ತು. ಮಾಸ್ಟ್ರು ಮಕ್ಕಳನ್ನು ಕರೆಯಲು ಹೋಗಿದ್ದರು. ಒಳಗೆ ಒಂಬತ್ತು ಮಕ್ಕಳು, ತುಂಗಾ.

"ಮಾಸ್ತರು ಎಲ್ಲಮ್ಮಾ?"

ಅವಳು ಹೊರಗೆ ಕೈ ತೋರಿಸಿದಳು. ಅವಳಿಗೆ ಕನ್ನಡ ಬರುತ್ತಿತ್ತು. ಹೆದರಿದಾಗ ಬರುತ್ತಿರಲಿಲ್ಲ.

ಅವರು ರಿಜಿಸ್ಟರು ಬಿಡಿಸಿ ಕೂತರು. ಒಂದೊಂದೇ ಹೆಸರು ಕರೆದರು. ಇದ್ದ ಮಕ್ಕಳು ಎದ್ದು ನಿಂತರು. ಇಲ್ಲದವರ ಹೆಸರು ಬಂದಾಗ ಅವರು ತುಂಗಾಳ ಮುಖ ನೋಡಿದರು. ಮಕ್ಕಳೆಲ್ಲ ಮನೆಯಲ್ಲಿದ್ದರು. ಅದನ್ನೇ ಅವಳು ತನ್ನ ತುಳುವಿನಲ್ಲಿ ಹೇಳಿದಳು. "ಇಲ್ಲಡ್." ಹೆದರಿಕೆಗೆ ಶಬ್ದದ ಕೊನೆ ಬಾಯೊಳಗೇ ಉಳಿಯಿತು.

"ಕಿನ್ನಿ?"

"ಇಲ್ಲಡ್."

"ಅಂದರೆ ಇಲ್ಲ?"

ತನ್ನ ಮಾತನ್ನೇ ತಿರುಗಿ ಹೇಳಿದರೆಂದು ಅವಳು ತಲೆಯಾಡಿಸಿದಳು. ಅವರು ಆ ಹೆಸರಿನ ಮುಂದೆ ಕೆಂಪು ಪೆನ್ಸಿಲಿನಲ್ಲಿ ಏನೋ ಬರೆದರು. ಹಾಗೆ ಹದಿನೆಂಟು ಸಲ ಕೇಳಿದರು. ಹದಿನೆಂಟು ಸಲವೂ ಅವಳು ಅದನ್ನೇ ಹೇಳಿದಳು. ಮಾಸ್ಟ್ರು ನಾಲ್ಕು ಮಕ್ಕಳನ್ನು ಕೂಡಿಸಿಕೊಂಡು ಬರುವಾಗ ಅವರು ಹೋಗಿ ಆಗಿತ್ತು. ರಿಜಿಸ್ಟರನ್ನೂ ಕೊಂಡು ಹೋಗಿದ್ದರು.

ಹದಿನೈದು ದಿನದಲ್ಲಿ ಕಾಗದ ಬಂತು. ಹದಿನೆಂಟು ಹೆಸರು ಸುಳ್ಳು, ಅಂಥ ಮಕ್ಕಳೇ ಇಲ್ಲ ಎಂದಿತ್ತು. ಜನವರಿ ಹನ್ನೆರಡಕ್ಕೆ ಮರುತಪಾಸಣೆ. ಆ ದಿನ ಹದಿನೆಂಟು ಮಕ್ಕಳೂ ತಂದೆ ಇಲ್ಲವೆ ತಾಯಿಯ ಜೊತೆ ಬಂದು ನಿಲ್ಲಬೇಕು. ಒಂದು ಹೆಸರು ಸುಳ್ಳಾದರೂ ಶಾಲೆಯನ್ನು ಮುಚ್ಚಲಾಗುವುದು.

ಶಾಲೆಯ ಜಾಗ ಗದ್ದೆಯ ಧನಿ ಗುಣಪಾಲರು ಬಿಟ್ಟುಕೊಟ್ಟದ್ದು. ಅವರ ದನ ಕಾಯುವ ಮಕ್ಕಳನ್ನೇ ಮಾಸ್ಟ್ರು ಶಾಲೆಗೆ ಎಳೆದು ತರುತ್ತಿದ್ದುದರಿಂದ ಅವರಿಗೆ ಒಳಗೊಳಗೇ ಉರಿ ಇತ್ತು. ಅಂದು ಕಟ್ಟೆಯಲ್ಲಿ ನಾಲ್ಕು ಜನರ ಎದುರು ಕೇಳಿಯೇ ಬಿಟ್ಟರು.

"ಎಂತ ಮಾಸ್ಟ್ರೇ, ಹೆಂಡತಿ ಹೆರದ ಮಕ್ಕಳನ್ನೆಲ್ಲ ರಿಜಿಸ್ಟರಿನಲ್ಲಿ ಹೆತ್ತಿರಾ?"

ನಾಲ್ಕು ಜನ ನಕ್ಕರು. ತುಂಗಾ ನೀರಿನ ಕೊಡ ಹೊತ್ತು ಆ ದಾರಿಯಲ್ಲೇ ಬರುತ್ತಿದ್ದಳು. ಮಾಸ್ಟ್ರು ಅವಳ ತಲೆಯ ಕೊಡ ಇಳಿಸಿಕೊಂಡು ತಾವೇ ಹೊತ್ತು ನಡೆದರು.

ಮನೆಗೆ ಬಂದ ಮೇಲೆ ಕೇಳಿದರು, "ಅವರು ಹೆಸರು ಕರೆಯುವಾಗ ನೀನು ಎಂತ ಹೇಳಿದಿ?"

"ಇಲ್ಲಡ್ ಅಂತ ಹೇಳಿದೆ. ಮನೆಯಲ್ಲೇ ಇದ್ದರಲ್ಲ."

ಮಾಸ್ಟ್ರು ಕಾಗದವನ್ನು ಮತ್ತೊಮ್ಮೆ ಓದಿ ಮಡಚಿಟ್ಟರು.

"ನನ್ನಿಂದ ತಪ್ಪಾಯಿತಾ?"

"ಇಲ್ಲ. ಸರಿಯಾಗಿಯೇ ಹೇಳಿದ್ದಿ. ಗಂಜಿ ಬಡಿಸು."

ಬೋರ್ಡಿಗೆ ಅವರು ಎರಡೇ ಸಾಲು ಬರೆದರು. ಮಕ್ಕಳು ಇದ್ದಾರೆ, ಬಂದು ನೋಡಬೇಕು.

ಜನವರಿ ಮೂರಕ್ಕೆ ಮಾಸ್ಟ್ರು ತೀರಿದರು. ಐದು ದಿನದ ಜ್ವರ. ಕುಂಬಳೆಗೆ ಕೊಂಡು ಹೋಗಲು ಗಾಡಿ ಹೂಡುವಾಗಲೇ ಜೀವ ಹೋಯಿತು.

ಗಂಡ ಸತ್ತವಳು ಹದಿಮೂರನೇ ದಿನದ ಉತ್ತರಕ್ರಿಯೆ, ಬೊಜ್ಜ, ಮುಗಿಯುವವರೆಗೆ ಮೂಲೆಯಲ್ಲಿ ಕೂರಬೇಕು. ತುಂಗಾ ಮೂರು ದಿನ ಕೂತಳು. ಮೂರು ದಿನವೂ ಅವಳ ಹೊಟ್ಟೆಯೊಳಗೆ ಒಂದು ಹುಳ ಕೊರೆಯುತ್ತಿತ್ತು. ಹೆಸರುಗಳು ನಿಜವಾಗಿ ಸುಳ್ಳೋ ಏನೋ? ಮಕ್ಕಳು ಕಡಿಮೆಯಾದರೆ ಶಾಲೆ ಹೋಗುತ್ತದೆಂದು ನಾಲ್ಕು ಹೆಸರು ಹೆಚ್ಚು ಬರೆದರೋ ಏನೋ? ಸತ್ತ ಗಂಡನ ಮೇಲೆ ಇಂಥ ಯೋಚನೆ ಬಂದದ್ದಕ್ಕೆ ಹಣೆ ಗೋಡೆಗೆ ಒತ್ತಿದಳು. ಯೋಚನೆ ಹೋಗಲಿಲ್ಲ.

ನಾಲ್ಕನೇ ದಿನ ಎದ್ದು ಸೆರಗು ಸಿಕ್ಕಿಸಿದಳು. ಮಾಸ್ಟ್ರ ತಂಗಿ ರಾಜೀವಿ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗೆ ಅತ್ತಿಗೆ? ಬೊಜ್ಜ ಆಗದೆ ಹೊಸ್ತಿಲು ದಾಟಿದರೆ ಜನ ಎಂತ ಹೇಳಿಯಾರು?"

"ಹೇಳಲಿಕ್ಕೆ ಇನ್ನೆಂತ ಉಂಟು? ನಿನ್ನ ಅಣ್ಣನನ್ನು ಸುಳ್ಳ ಅಂತ ಹೇಳಿ ಆಗಿದೆ."

ರಾಜೀವಿ ಪಕ್ಕಕ್ಕೆ ಸರಿದಳು.

ಹದಿನೆಂಟು ಹೆಸರೂ ತುಂಗಾಳಿಗೆ ಬಾಯಿಪಾಠ. ದಿನಾ ಕೇಳಿದ್ದಲ್ಲವೇ. ಸೂತಕದವಳು ಯಾರ ಅಂಗಳಕ್ಕೂ ಕಾಲಿಡಲಿಕ್ಕಿಲ್ಲ. ಮಾಸ್ಟ್ರು ನಿಲ್ಲುತ್ತಿದ್ದ ಹಾಗೆಯೇ ತಡಮೆಯ ಆಚೆ ನಿಂತು ಕರೆದಳು.

ಮೊದಲನೇ ಮನೆ ಚನಿಯನದು. ಅವನ ಮಗಳು ಅಮ್ಮು ಅಟ್ಟದ ಏಣಿಯಿಂದ ಇಳಿದು ಬಂದಳು. ಇದ್ದಾಳೆ. ಎರಡನೆಯದೂ ಇತ್ತು, ಮೂರನೆಯದೂ ಇತ್ತು. ಮಕ್ಕಳು ಇದ್ದರು, ತಂದೆತಾಯಿಗಳು ಬರಲು ತಯಾರಿರಲಿಲ್ಲ.

"ಹೆಸರು ಕೊಟ್ಟವರನ್ನು ಕಾಸರಗೋಡಿನ ಕೋರ್ಟಿಗೆ ಕೊಂಡು ಹೋಗ್ತಾರಂತೆ ಅಕ್ಕ," ಎಂದ ಚನಿಯ.

"ಯಾರು ಹೇಳಿದ್ದು?"

"ಊರೇ ಹೇಳ್ತದೆ."

"ನಿನ್ನ ಮಗಳು ನಿನಗೆ ಹುಟ್ಟಿದವಳು ಅಂತ ಹೇಳಲಿಕ್ಕೆ ನಿನಗೆ ಹೆದರಿಕೆಯಾ ಚನಿಯಾ? ಅಷ್ಟು ಮಾತ್ರ ಹೇಳಿದರೆ ಸಾಕು."

ಒಳಗಿನಿಂದ ಅವನ ಹೆಂಡತಿ ನಕ್ಕುಬಿಟ್ಟಳು. "ಇವರು ಬಾರದಿದ್ದರೆ ನಾನು ಬರ್ತೇನೆ ಅಕ್ಕ. ನನಗೆ ಸಂಶಯ ಇಲ್ಲ."

ಐದು ದಿನ ನಡೆದಳು. ಹನ್ನೊಂದನೆಯ ಮನೆ ಮುಗಿಯುವಾಗ ಹೊಟ್ಟೆಯ ಹುಳ ಸತ್ತಿತ್ತು. ಹದಿನೇಳನೆಯ ಮಗುವೂ ಸಿಕ್ಕಿತು. ಕೊನೆಯದು ಬಟ್ಯನ ಮಗಳು ಕಿನ್ನಿ. ಬಟ್ಯ ಧನಿಗಳ ಒಕ್ಕಲು. ತಡಮೆಯ ಹತ್ತಿರ ಬಂದ, ತಲೆ ಎತ್ತಲಿಲ್ಲ.

"ಕಳುಹಿಸಬೇಡ ಅಂತ ಧನಿಗಳ ಮಾತು."

"ಎಂತಕ್ಕೆ?"

"ಎಂತಕ್ಕೆ ಅಂತ ಕೇಳಲಿಕ್ಕೆ ನಾನು ಯಾರು ಅಕ್ಕ?"

ಅವಳು ಇನ್ನೂ ಸ್ವಲ್ಪ ಹೊತ್ತು ನಿಂತಳು. ಬಟ್ಯನೂ ನಿಂತ. ಆಮೇಲೆ ಅವನು ಒಳಗೆ ಹೋದ, ಅವಳು ದಾರಿ ಹಿಡಿದಳು.

ಹನ್ನೆರಡನೇ ತಾರೀಕು. ಸಾವಿಗೆ ಹತ್ತನೇ ದಿನ. ಶಾಲೆಗೆ ತಾತ್ಕಾಲಿಕವಾಗಿ ಬಂದವರು ಕುಂಬಳೆ ಕಡೆಯ ಸುಬ್ಬರಾಯ ಮಾಸ್ಟ್ರು, ತೀರಿಕೊಂಡವರ ಸ್ನೇಹಿತರು. ಇನ್ಸ್‌ಪೆಕ್ಟರರು ಜಗಲಿಯಲ್ಲಿ ಮೇಜು ಹಾಕಿ ಕೂತರು. ಅಂಗಳದಲ್ಲಿ ಊರು. ಗುಣಪಾಲರಿಗೆ ಒಂದು ಕುರ್ಚಿ. ತುಂಗಾ ಅಂಗಳಕ್ಕೂ ಬರದೆ ತೋಡಿನ ಬದಿಯ ಗೇರುಮರದ ಕೆಳಗೆ ನಿಂತಳು.

ಹೆಸರು ಕರೆಯುವುದು ಸುರುವಾಯಿತು. ಒಂದೊಂದು ಹೆಸರಿಗೂ ಒಂದು ಮಗು, ಹಿಂದೆ ಒಬ್ಬ ಅಪ್ಪನೋ ಅಮ್ಮನೋ. ಚನಿಯನೂ ಬಂದಿದ್ದ, ಹೆಂಡತಿಯೂ ಬಂದಿದ್ದಳು. ಹತ್ತಾಯಿತು. ಹದಿನೈದಾಯಿತು. ಇನ್ಸ್‌ಪೆಕ್ಟರರ ಹುಬ್ಬು ಗಂಟಿಕ್ಕುತ್ತಾ ಬಂತು. ಹದಿನೇಳಾಯಿತು.

"ಕಿನ್ನಿ."

ಯಾರೂ ಎದ್ದು ಬರಲಿಲ್ಲ. ಗುಣಪಾಲರು ಕಾಲ ಮೇಲೆ ಕಾಲು ಹಾಕಿದರು.

"ಕಿನ್ನಿ ಅನ್ನೋ ಮಗು ಎಲ್ಲಿ?"

ಮುಂದೆ ಕೂತಿದ್ದ ಅಮ್ಮು ಗೆಳತಿಗಾಗಿ ಬಾಯಿಬಿಟ್ಟಳು. "ಇಲ್ಲಡ್!"

"ಇಲ್ಲ," ಎಂದರು ಇನ್ಸ್‌ಪೆಕ್ಟರರು. ಕೆಂಪು ಪೆನ್ಸಿಲು ಕೈಗೆತ್ತಿಕೊಂಡರು. "ಈಗಲೂ ಇಲ್ಲ, ಆಗಲೂ ಇಲ್ಲ."

ಗೇರುಮರದ ಕೆಳಗಿನಿಂದ ತುಂಗಾ ಅದನ್ನು ಕಂಡಳು, ಕೇಳಿದಳು. ಅದೇ ಪೆನ್ಸಿಲು, ಅದೇ ಶಬ್ದ. ಅವಳ ಬಾಯಿಂದ ಹೊರಟ 'ಮನೆ' ಆ ಕಿವಿಗೆ 'ಇಲ್ಲ'ವಾಗಿ ಬಿದ್ದಿತ್ತು. ಹದಿನೆಂಟು ಮಕ್ಕಳನ್ನು ಅಳಿಸಿದವಳು ತಾನೇ. ಗಂಡನನ್ನು ಸುಳ್ಳ ಮಾಡಿದವಳೂ ತಾನೇ.

ಅವಳು ಅಂಗಳಕ್ಕೆ ನಡೆದಳು. ಜನ ಮೈ ತಾಗೀತೆಂದು ಸರಿದು ದಾರಿ ಬಿಟ್ಟರು. ಸುಬ್ಬರಾಯ ಮಾಸ್ಟ್ರಿಗೆ ಅವಳ ಮುಖ ನೋಡಿಯೇ ಗೊತ್ತಾಯಿತು. ಎರಡು ಮೆಟ್ಟಿಲು ಇಳಿದು ಬಂದು ಮೆಲ್ಲಗೆ ಹೇಳಿದರು, "ತುಂಗಕ್ಕ, ಬೇಡ. ನೀವು ಹೇಳಿದಿರಿ ಅಂತಾದರೆ ಉಗ್ಗಪ್ಪ ಶಾಲೆಯನ್ನು ನಿಮ್ಮ ಕೈಯಲ್ಲಿ ಬಿಟ್ಟು ಹೋಗಿದ್ದ ಅಂತ ದಾಖಲೆಗೆ ಬರ್ತದೆ. ಅದೂ ತಪ್ಪೇ. ನಾನು ಬೇರೆ ರೀತಿ ತಿಳಿಸುತ್ತೇನೆ."

"ಬೇರೆ ರೀತಿ ಅಂದರೆ ಸುಳ್ಳಾ ಮಾಸ್ಟ್ರೇ?"

ತುಂಗಾ ಜಗಲಿಯ ಕೆಳಗೆ ನಿಂತು ಕೈ ಮುಗಿದಳು. ಕನ್ನಡವನ್ನು ಒಂದೊಂದೇ ಶಬ್ದವಾಗಿ ಎತ್ತಿ ಇಟ್ಟಳು.

"ಸ್ವಾಮಿ, ಆ ದಿನ ಹೇಳಿದವಳು ನಾನು. ಇಲ್ಲ ಅಂತ ಹೇಳಲಿಲ್ಲ. ಇಲ್ಲಡ್ ಅಂತ ಹೇಳಿದೆ. ನಮ್ಮ ತುಳುವಿನಲ್ಲಿ ಇಲ್ಲ್ ಅಂದರೆ ಮನೆ. ಇಲ್ಲಡ್ ಅಂದರೆ ಮನೆಯಲ್ಲಿ. ಮಕ್ಕಳು ಮನೆಯಲ್ಲಿದ್ದರು. ಮಾಸ್ಟ್ರು ಅವರನ್ನು ಕರೆಯಲಿಕ್ಕೆ ಹೋಗಿದ್ದರು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಯಾರೋ ಅವರನ್ನು ತಿವಿದರು. ಇನ್ಸ್‌ಪೆಕ್ಟರರು ನಗಲಿಲ್ಲ.

"ಇದು ಕಟ್ಟಿದ ಕತೆ ಇರಬಹುದು ಸ್ವಾಮಿ," ಎಂದರು ಗುಣಪಾಲರು. "ಗಂಡ ಹೋದ ದುಃಖ."

"ಆ ಕಿನ್ನಿಯ ಮನೆ ಎಷ್ಟು ದೂರ ಅಮ್ಮಾ?" ಇನ್ಸ್‌ಪೆಕ್ಟರರು ಎದ್ದು ನಿಂತಿದ್ದರು.

"ಆ ಕಾಣುವ ಮಾಡೇ ಸ್ವಾಮಿ."

ತುಂಗಾ ಮುಂದೆ, ಅವರು ಹಿಂದೆ, ಅರ್ಧ ಊರು ಅವರ ಹಿಂದೆ. ಬಟ್ಯನ ತಡಮೆಯ ಹತ್ತಿರ ತುಂಗಾ ನಿಂತಳು. ಇನ್ಸ್‌ಪೆಕ್ಟರರು ದಾಟಿದರು. ಕಿನ್ನಿ ಬಾಗಿಲಲ್ಲಿ ಇದ್ದಳು, ಸೊಂಟದಲ್ಲಿ ಸಣ್ಣದೊಂದು ಶಿಶು. ಅಂಗಳದ ತುಂಬ ಜನ ಕಂಡು ಅವಳ ಬಾಯಿ ಅಳುವಿಗೆ ಓರೆಯಾಯಿತು.

"ನಿನ್ನ ಹೆಸರೇನು ಮಗಾ?"

"ಕಿನ್ನಿ."

"ಬರೀತೀಯಾ?"

ಅವಳು ಶಿಶುವನ್ನು ಇಳಿಸದೆ ಕುಕ್ಕರಗಾಲಲ್ಲಿ ಕೂತಳು. ಅಂಗಳದ ಹುಡಿಯಲ್ಲಿ ಬೆರಳಿಂದ ಬರೆದಳು. ಒತ್ತಕ್ಷರ ಸ್ವಲ್ಪ ದೂರ ಹೋಗಿ ಬಿತ್ತು, ಆದರೂ ಬಿತ್ತು. ಇನ್ಸ್‌ಪೆಕ್ಟರರು ಗುಡಿಸಲಿನತ್ತ ಕೈ ತೋರಿಸಿದರು.

"ಇದಕ್ಕೆ ಏನಂತೀರಿ?"

"ಇಲ್ಲ್," ಎಂದಳು. ಕೇಳುವವರು ಶಾಲೆಯವರೆಂದು ನೆನಪಾಗಿ ತಿದ್ದಿಕೊಂಡಳು. "ಮನೆ."

ಇನ್ಸ್‌ಪೆಕ್ಟರರು ತುಂಬ ಹೊತ್ತು ಹುಡಿಯ ಮೇಲಿನ ಅಕ್ಷರ ನೋಡುತ್ತಾ ನಿಂತರು. ಬಟ್ಯ ಮನೆಯ ಹಿಂದಿನಿಂದ ಬಂದ. ಧನಿಗಳನ್ನೊಮ್ಮೆ ನೋಡಿದ, ತುಂಗಾಳನ್ನೊಮ್ಮೆ ನೋಡಿದ. "ನನ್ನ ಮಗಳೇ ಸ್ವಾಮಿ," ಎಂದ.

ಮರಳಿ ಜಗಲಿಯಲ್ಲಿ ಕೂತು ಅವರು ಹದಿನೆಂಟು ಕೆಂಪು ಶಬ್ದಗಳನ್ನೂ ಹೊಡೆದು ಹಾಕಿದರು. ಪ್ರತಿಯೊಂದಕ್ಕೂ ಸಹಿ ಹಾಕಿದರು. ಆಮೇಲೆ ಹೊಸದಾಗಿ ಬರೆದರು. ಪೆನ್ನು ಒಮ್ಮೆ ನಿಂತಿತು.

"ನೋಡಮ್ಮಾ. ಹೆಸರುಗಳು ನಿಜ, ಶಾಲೆ ಇರುತ್ತದೆ. ಆದರೆ ಶಾಲೆಯ ಹೊತ್ತಿನಲ್ಲಿ ಮಾಸ್ತರು ಶಾಲೆ ಬಿಟ್ಟು ಹೊರಗಿದ್ದರು. ಅದನ್ನು ನಾನು ಬರೆಯಬೇಕಾಗುತ್ತದೆ."

"ಬರೆಯಿರಿ ಸ್ವಾಮಿ. ಎಲ್ಲಿಗೆ ಹೋಗಿದ್ದರು ಅಂತಲೂ ಬರೆಯಿರಿ."

ಅವರು ಅದನ್ನೂ ಬರೆದರು. ಮಕ್ಕಳ ಪಾಠವನ್ನೂ ಕೇಳಿ ಮುಗಿಸಿ, ಪ್ರತಿ ವರ್ಷದ ಹಾಗೆ ಎದ್ದು ನಿಂತು ಊರಿಗೆ ಕೇಳುವಂತೆ ಓದಿದರು. ಇಪ್ಪತ್ತೇಳು ಮಕ್ಕಳು. ಹತ್ತೊಂಬತ್ತು ಪಾಸು. ಉಗ್ಗಪ್ಪ ಮಾಸ್ತರು ಮಕ್ಕಳನ್ನು ಮನೆಗಳಿಂದ ಕರೆತರುವ ಸಲುವಾಗಿ ಶಾಲೆಯನ್ನು ಬಿಟ್ಟು ಹೋಗುತ್ತಿದ್ದರು, ಇದು ನಿಯಮಕ್ಕೆ ವಿರುದ್ಧ. ಓದಿ ಮುಗಿದಾಗ ಗುಣಪಾಲರ ಕುರ್ಚಿ ಖಾಲಿ ಇತ್ತು.

ಜನ ಚದುರಿದರು. ಸುಬ್ಬರಾಯ ಮಾಸ್ಟ್ರು ತುಂಗಾಳ ಜೊತೆ ಗೇರುಮರದವರೆಗೆ ಬಂದರು.

"ಉಗ್ಗಪ್ಪನಿಗೆ ಗೊತ್ತಿತ್ತು ತುಂಗಕ್ಕ. ಕಾಗದ ಬಂದ ದಿನವೇ ಗೊತ್ತಾಗಿತ್ತು. ನನ್ನ ಹತ್ತಿರ ಬಂದು ಹೇಳಿದ. ಬೋರ್ಡಿಗೆ ಬರೆದು ಬಿಡು ಮಾರಾಯ, ಒಂದು ಶಬ್ದದ ವಿಷಯ ಅಂದೆ. ಬರೆದರೆ ತುಂಗಾಳ ಹೆಸರು ಬರೆಯಬೇಕಾಗ್ತದೆ, ಅವಳು ಅದನ್ನು ಸಾಯುವವರೆಗೆ ಹೊರ್ತಾಳೆ, ನನ್ನನ್ನು ಸುಳ್ಳ ಅಂದರೆ ಅನ್ನಲಿ ಅಂದ."

ತುಂಗಾ ಮನೆಯ ದಾರಿ ಹಿಡಿದಳು. ಸರಿಯಾಗಿಯೇ ಹೇಳಿದ್ದಿ, ಗಂಜಿ ಬಡಿಸು ಎಂದಿದ್ದರು. ಆ ದಿನ ಗಂಜಿಗೆ ಉಪ್ಪು ಹಾಕಲು ಅವಳು ಮರೆತಿದ್ದಳು, ಅದನ್ನೂ ಅವರು ಹೇಳಿರಲಿಲ್ಲ.

ರಾಜೀವಿ ಹೊಸ್ತಿಲಲ್ಲಿ ಕಾಯುತ್ತಿದ್ದಳು.

"ಎಂತಾಯಿತು ಅತ್ತಿಗೆ? ಶಾಲೆ ಉಂಟಾ?"

"ಉಂಟು."

"ಅಣ್ಣನ ಹೆಸರು?"

"ಸುಳ್ಳಲ್ಲ ಅಂತ ಊರಿಗೇ ಓದಿ ಹೇಳಿದರು."

"ಮತ್ತೆಂತಕ್ಕೆ ಅಳುವುದು?"

ತುಂಗಾ ಕಾಲು ತೊಳೆದು ಒಳಗೆ ಹೋಗಿ ತನ್ನ ಮೂಲೆಯಲ್ಲಿ ಕೂತಳು. ಬೊಜ್ಜಕ್ಕೆ ಇನ್ನೂ ಮೂರು ದಿನ ಇತ್ತು.