ಮೂವತ್ತೇಳು ವಾನ್ ಜನ

ಗೆಂಗ್ ಶಿಯುಯುನ್ ವುಹಾನಿನಲ್ಲಿ ಇಪ್ಪತ್ತೆರಡು ವರ್ಷ ದುಭಾಷಿಯಾಗಿದ್ದವಳು. ಗಾಜಿನ ಬೂತಿನಲ್ಲಿ ನಾನು ಒಂಬತ್ತು ವರ್ಷ ಅವಳ ಪಕ್ಕ ಕೂತಿದ್ದೇನೆ. ಅಕ್ಕ ಎಂದೇ ಕರೆಯುತ್ತೇನೆ. ಇಂಗ್ಲಿಷಿನ ಅಂಕಿ ಕಿವಿಗೆ ಬಿದ್ದರೆ ಅವಳ ಪೆನ್ಸಿಲ್ ತಾನಾಗಿ ಓಡುತ್ತಿತ್ತು. ಅದನ್ನು ಚೀನೀ ಭಾಷೆಗೆ ತರುವಾಗ ಒಂದು ಸೊನ್ನೆ ತಪ್ಪಿದ್ದನ್ನೂ ನಾನು ಕಂಡಿಲ್ಲ. ಅವಳಿಗೆ ಅಂಜಿಕೆಯಿದ್ದದ್ದು ಎದುರು ದಿಕ್ಕಿನದು. ನಮ್ಮ ಎಣಿಕೆ ವಾನ್, ಅಂದರೆ ಹತ್ತು ಸಾವಿರದ ಮೇಲೆ ನಡೆಯುತ್ತದೆ. ಇಂಗ್ಲಿಷಿನದು ಸಾವಿರದ ಮೇಲೆ.

"ಸ್ವಂತ ಭಾಷೇಲಿ ಕೇಳಿದ್ದು ತಿಳೀತು ಅನ್ಸಿಬಿಡುತ್ತೆ ಪಾನ್, ಬರ್ಕೊಳ್ಳೋದೇ ಇಲ್ಲ. ನಾವು ಬೀಳೋದು ಅಲ್ಲೇ," ಎಂದು ನನಗೆ ಅನ್ನುತ್ತಿದ್ದಳು.

ಮಾರ್ಚಿನಲ್ಲಿ ಒಂದು ಅಣೆಕಟ್ಟಿನ ಸಭೆ. ಕೆಳಗಿನ ಊರುಗಳಿಗೆ ಪ್ರವಾಹದ ಸೈರನ್ ಹಾಕಲು ವಿದೇಶಿ ಎಂಜಿನಿಯರುಗಳು ಬಂದಿದ್ದರು. ದಂಡೆಯಲ್ಲಿ ಮೂವತ್ತೇಳು ವಾನ್, ಅಂದರೆ ಮೂರು ಲಕ್ಷ ಎಪ್ಪತ್ತು ಸಾವಿರ ಜನ ಇದ್ದಾರೆಂದು ನಮ್ಮ ಅಧಿಕಾರಿ ಬೆಳಿಗ್ಗೆ ಓದಿದ. ಅಕ್ಕ ಇಂಗ್ಲಿಷಿನಲ್ಲಿ ಮೂವತ್ತೇಳು ಸಾವಿರ ಎಂದಳು. ಅಂಕಿ ಬರೆದುಕೊಡಬೇಕಾದವಳು ನಾನು. ಆಗ ಚಹಾದ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದೆ.

ಮಧ್ಯಾಹ್ನ ಎಂಜಿನಿಯರ್ ಒಬ್ಬ ಅದೇ ಅಂಕಿ ಹೇಳಿದ. ಅಕ್ಕ ಅದನ್ನು ಚೀನೀಗೆ ಚೊಕ್ಕವಾಗಿ ತಂದಳು: ಮೂರು ವಾನ್ ಏಳು ಸಾವಿರ. ಹೇಳಿ ಮುಗಿಸಿದ್ದೇ, ಬೆಳಿಗ್ಗೆ ತಾನು ಒಂದು ಸೊನ್ನೆ ಬಿಟ್ಟದ್ದು ಅವಳಿಗೆ ಹೊಳೆಯಿತು. ಸಭೆಯಲ್ಲಿ ಯಾರೂ ತಲೆಯೆತ್ತಲಿಲ್ಲ. ಕೆಲವರು ಹೌದೆಂದು ತಲೆಯಾಡಿಸುತ್ತಿದ್ದರು.

ಅವಳು ಮೈಕಿನಲ್ಲೇ, "ಇದು ದುಭಾಷಿಯ ತಪ್ಪು. ಮೂವತ್ತೇಳು ವಾನ್ ಆಗಬೇಕು," ಎಂದು ಎರಡೂ ಭಾಷೆಯಲ್ಲಿ ಹೇಳಿದಳು. ಅಧ್ಯಕ್ಷರು ಬರೆದುಕೊಳ್ಳಲು ಸೂಚಿಸಿ ಮುಂದಿನ ವಿಷಯಕ್ಕೆ ಹೋದರು. ತಿಂಗಳ ನಂತರ ಮುದ್ರಿತ ಯೋಜನೆ ಬಂತು. ಅದರಲ್ಲಿ ಹಳೆಯ ಮೂವತ್ತೇಳು ಸಾವಿರವೇ ಇತ್ತು, ಸೈರನ್ನುಗಳೂ ಅಷ್ಟು ಜನಕ್ಕೇ, ಕೆಳಗೆ ಸಹಿಗಳಿದ್ದವು. ಅಕ್ಕ ಎರಡು ಪತ್ರ ಬರೆದಳು, ಮೂರು ಸಲ ಕಚೇರಿಗೆ ಹೋದಳು. ಪರಿಶೀಲನೆಯಲ್ಲಿದೆ ಎಂದರು.

ಜೂನಿನ ಮಳೆ ಹಿಡಿದ ಮೇಲೆ ಅವಳು ಒಪ್ಪಿಕೊಂಡ ಕೆಲಸಗಳನ್ನೆಲ್ಲ ಬಿಟ್ಟು ಅಣೆಕಟ್ಟಿನ ಕೆಳಗಿನ ಬೈಶಾತಾನ್ ಎಂಬ ಊರಿಗೆ ಹೋದಳು. ಅಲ್ಲಿ ಅಕ್ಕಿಹಿಟ್ಟಿನ ಶ್ಯಾವಿಗೆ ಮಾರುವ ಹೆಂಗಸನ್ನು ಸೈರನ್ ಎಲ್ಲಿದೆ ಎಂದು ಕೇಳಿದಳಂತೆ.

"ಆಚೆ ದಡದಲ್ಲಿ ಹಾಕಿದಾರಂತೆ ತಂಗಿ. ಮೊನ್ನೆ ಊದಿ ನೋಡಿದ್ರಂತೆ, ನಮಗೇನೂ ಕೇಳ್ಸಿಲ್ಲ."

ಅಕ್ಕ ಮರಳಲಿಲ್ಲ. ಆ ಹೆಂಗಸಿನ ಮಹಡಿಯಲ್ಲೇ ಕೋಣೆ ಹಿಡಿದು, ಮನೆಮನೆಗೆ ಹೋಗಿ ಗುಡ್ಡದ ದಾರಿ ತೋರಿಸಿ ಬರುತ್ತಿದ್ದಾಳೆ. ಕೆಲವರು ಕೇಳುತ್ತಾರೆ, ಕೆಲವರು ಬಾಗಿಲು ಹಾಕಿಕೊಳ್ಳುತ್ತಾರೆ. ನಾನೂ ಬರುತ್ತೇನೆಂದರೆ, ನೀನು ಅಲ್ಲೇ ಇದ್ದು ಕಚೇರಿಗೆ ಪತ್ರ ಬರೆಯುತ್ತಿರು ಎಂದಳು. ಬರೆಯುತ್ತಿದ್ದೇನೆ. ನದಿ ನಿನ್ನೆ ಆ ಊರ ದಡದ ಮೆಟ್ಟಿಲುಗಳಲ್ಲಿ ಮೇಲಿನಿಂದ ಮೂರನೆಯದಕ್ಕೆ ಬಂದಿತ್ತಂತೆ.