ಹೀಟರಿನ ಮಾತು ಕೇಳುತ್ತಿದ್ದವರು

ಪರದೇಶದ ಮಾಡ್ಬರಿ ಊರಿನ ಮಗಳ ಮನೆಯಲ್ಲಿ ನನ್ನ ಬಂಗಾರದಂಥ ಮೊಮ್ಮಗಳು ಹುಟ್ಟಿ ಹನ್ನೊಂದನೆಯ ದಿನ, ಆ ಕೊರೆಯುವ ಚಳಿಯಲ್ಲಿ, ಮನೆಯ ಹೀಟರ್ ಹೊತ್ತಿದ ಎರಡೇ ನಿಮಿಷಕ್ಕೆ ಆರತೊಡಗಿತು. ಕೂಸಿಗೆ ಶೀತವಾದೀತೆಂದು ನನಗೆ ದಿಗಿಲು. ಮಗಳು ಪಕ್ಕದ ಮನೆಯ, ಯಂತ್ರ ರಿಪೇರಿ ಬಲ್ಲ ಮೈಸೂರಿನವರೊಬ್ಬರನ್ನು ಕರೆಸಿದಳು.

ಅವರು ಯಾವ ಯಂತ್ರವನ್ನೂ ಮೊದಲೇ ಬಿಚ್ಚುವವರಲ್ಲ. ಗೋಡೆಗೆ ಕಿವಿಯಿಟ್ಟು, "ಸುಮ್ನಿರಿ, ಅದೇ ಹೇಳುತ್ತೆ" ಎನ್ನುವರು.

"ಹೇಳ್ತಾ?" ಎಂದೆ, ತಡೆಯಲಾರದೆ.

"ಉಸಿರು ಕಟ್ತಿದೆ ಅಂತಿದೆ, ಅಕ್ಕಾ."

ನಡುಮನೆಯಲ್ಲಿ ಮೊಣಕಾಲೂರಿ ಹುಡುಕಿದರು. ಬಾಣಂತಿಗೆ ಗಾಳಿ ತಾಗದಿರಲೆಂದು, ಹೀಟರ್ ಗಾಳಿ ಎಳೆದುಕೊಳ್ಳುವ ಜಾಲರಿಗೆ ನಾನೇ ಕಂಬಳಿ ತುರುಕಿದ್ದೆ! ಸದ್ದಿಲ್ಲದೆ ಅದನ್ನು ತೆಗೆದು, ಮಡಚಿ, ನನ್ನ ಕೈಗಿತ್ತರು.

"ಏನಾಗಿತ್ತು ಅಂಕಲ್?" ಎಂದಳು ಮಗಳು ಕೋಣೆಯೊಳಗಿಂದ.

"ಏನಿಲ್ಲಮ್ಮ, ಸ್ವಲ್ಪ ಧೂಳು ಕೂತಿತ್ತು."

ಬೆಚ್ಚನೆಯ ಗಾಳಿ ಬಂದ ಸಂತೋಷಕ್ಕೆ ನಾನೇ ಕೂಗಿಬಿಟ್ಟೆ: "ಧೂಳಲ್ಲ ಕಣೇ, ಕಂಬಳಿ ತುರುಕಿದ್ದು ನಾನು!"

ನನ್ನ ಮಾನ ಉಳಿಸಲು ಹೇಳಿದ ಸುಳ್ಳು ಬಯಲಾಗಿ, ನಾಚಿ ತಲೆತಗ್ಗಿಸಿದವರು ಮಾತ್ರ ಅವರು.