ಮತ್ತೋಡು ಕಟ್ಟೆಯ ರೋಟಿಫರ್

ಆ ಸ್ಲೈಡ್ ಹಾಳು ಮಾಡಿದ್ದು ನಾನು, ಕರಿಯಮ್ಮ. ನೀನಲ್ಲ. ಹನ್ನೊಂದು ವರ್ಷ ಈ ಮಾತು ನುಂಗಿಕೊಂಡು ಮೇಡಂ ಅನ್ನಿಸಿಕೊಂಡು ತಿರುಗಿದೆನಲ್ಲ — ಥೂ, ನನ್ನ ಜನ್ಮಕ್ಕಿಷ್ಟು!

ಚಿತ್ರದುರ್ಗದಲ್ಲಿ ನನ್ನ ಕೈಕೆಳಗೆ ಸಂಶೋಧನೆಗೆ ಸೇರಿದ್ದೆ ನೀನು, ಮತ್ತೋಡಿನ ಕುರಿಗಾರರ ಮಗಳು. ಉಣ್ಣೆ ಕತ್ತರಿಸುವ ಮುಂಚೆ ಕುರಿ ತೊಳೆಯುವ ನಿಮ್ಮೂರ ಕಟ್ಟೆಯಲ್ಲಿ ನಿನಗೆ ಅದು ಸಿಕ್ಕಿತ್ತು — ಬರಿಗಣ್ಣಿಗೆ ಕಾಣದ ಒಂದು ನೀರಿನ ಜೀವಿ, ರೋಟಿಫರ್. ಕುರಿ ಇಳಿದರೆ ನೀರು ಕದಡುತ್ತದೆಂದು ನಿಮ್ಮಪ್ಪ ಇಡೀ ಹಿಂಡನ್ನು ಒಂದು ದಿನ ದಂಡೆಯಲ್ಲೇ ತಡೆದಿದ್ದರು. ಯಾವ ಪುಸ್ತಕದ ಚಿತ್ರಕ್ಕೂ ಅದು ಹೊಂದಲಿಲ್ಲ. ಹೊಸ ಜಾತಿಯೇ ಇರಬಹುದು ಅನ್ನಿಸಿತ್ತು ಇಬ್ಬರಿಗೂ. ಆದರೆ ಯಾವ ಕುಲದ್ದೆಂದು ಖಚಿತವಾಗಿ ಹೇಳಲು ಅದರ ದವಡೆ ನೋಡಲೇಬೇಕು. ಬ್ಲೀಚ್ ಹನಿಸಿ ಮೈ ಕರಗಿಸಿದರೆ ದವಡೆಯಷ್ಟೇ ಉಳಿಯುತ್ತದೆ.

"ಇನ್ನೊಂದು ಸಿಗೋ ತನಕ ಕಾಯಾಣ್ರಿ ಮೇಡಂ, ಅದೊಂದೇ ಐತೆ," ಅಂದಿದ್ದೆ ನೀನು.

ಕಾದೆನೇ? ನೀನು ಊಟಕ್ಕೆ ಹೋದಾಗ ನಾನೇ ಹನಿ ಬಿಟ್ಟೆ — ದವಡೆಯನ್ನು ಮೊದಲು ನಾನು ನೋಡಬೇಕಿತ್ತು, ಅಷ್ಟೇ. ಹನಿ ಜಾಸ್ತಿಯಾಗಿ ಸ್ಲೈಡಿನ ಅಂಚಿನಿಂದ ಹೊರಗೆ ಹರಿಯಿತು. ಗಾಬರಿಯಲ್ಲಿ ಫಿಲ್ಟರ್ ಪೇಪರಿನಿಂದ ಒತ್ತಿ ಹೀರಿಸಿಬಿಟ್ಟೆ. ದವಡೆಯೂ ಅದರ ಜೊತೆಗೇ ಹೋಯಿತು. ಮೊದಲ ವರ್ಷದ ಹುಡುಗರಿಗೆ ಹೀಗೆ ಮಾಡಬೇಡಿ ಅಂತ ಬೈಯುತ್ತಿದ್ದವಳು ನಾನು!

ವಿಭಾಗದ ಸಭೆಯಲ್ಲಿ ಮಾದರಿ ಏನಾಯಿತೆಂದು ಕೇಳಿದಾಗ, "ವಿದ್ಯಾರ್ಥಿನಿ ಮಾದರಿಯನ್ನು ಸರಿಯಾಗಿ ಕಾಪಾಡಿರಲಿಲ್ಲ," ಅಂದೆ. ಹಿರಿಯರೊಬ್ಬರು, "ಕುರಿ ಕಾಯೋರ ಕೈಗೆ ಮೈಕ್ರೋಸ್ಕೋಪ್ ಕೊಟ್ರೆ ಇನ್ನೇನಾಗುತ್ತೆ," ಅಂದರು. ನಾಲ್ಕು ಜನ ನಕ್ಕರು. ಅವರ ಬಾಯಿ ಮುಚ್ಚಿಸಬೇಕಾದ ನಾನು — ನಾನೂ ಹಲ್ಲು ಕಿರಿದೆ.

ಹೊರಗೆ ನೀನು ಕೇಳಿದೆ: "ನಾನು ಊಟಕ್ಕೋಗೋವಾಗ ಚೆನ್ನಾಗೇ ಇತ್ತಲ್ರಿ ಮೇಡಂ?"

"ನೀನೇ ಸರಿಯಾಗಿ ನೋಡಿಲ್ಲ ಬಿಡು," ಅಂದೆ.

ನೀನು ಮತ್ತೆ ಪ್ರಯೋಗಾಲಯಕ್ಕೆ ಬರಲಿಲ್ಲ. ಹೊಸದುರ್ಗದ ಶಾಲೆಯಲ್ಲಿ ಮೇಡಂ ಆದೆಯೆಂದು ಯಾರೋ ಹೇಳಿದರು. ಕಟ್ಟೆಯನ್ನು ಮುಚ್ಚಿ ರಸ್ತೆ ಮಾಡಿದರು. ಆ ಜೀವಿ ಬೇರೆಲ್ಲೂ ಸಿಕ್ಕಿಲ್ಲ. ಮೊನ್ನೆ ರೋಟಿಫರ್‌ಗಳ ಹೊಸ ಪಟ್ಟಿಯೊಂದು ಕೈಗೆ ಬಂತು. ನೋಡಿದರೆ, 'ವರ್ಗೀಕರಣ ಅನಿಶ್ಚಿತ' ಅಂತಿದೆ, ಕೆಳಗೆ ಕಾರಣ — ಸಂಗ್ರಹಿಸಿದವರ ಅಜಾಗರೂಕತೆ. ಪಕ್ಕದಲ್ಲಿ ನಿನ್ನ ಹೆಸರು. ಎಷ್ಟು ಧೈರ್ಯ ಇವರಿಗೆ ಅಂತ ಪುಟವನ್ನೇ ಹರಿಯಲು ಹೋದೆ. ಆಮೇಲೆ ಗೊತ್ತಾಯಿತು, ಅದು ನನ್ನದೇ ಪ್ರಬಂಧದಿಂದ ಎತ್ತಿಕೊಂಡ ವಾಕ್ಯ.

ಪಟ್ಟಿ ಮಾಡಿದವರಿಗೆ ನಿಜ ಬರೆದು ನಿನ್ನೆಯೇ ಕಳಿಸಿದೆ. ಆ ಜೀವಿ ಯಾವುದೆಂದು ಇನ್ನು ಯಾರೂ ಹೇಳಲಾರರು — ಅದು ನಾನು ಮಾಡಿದ ನಷ್ಟ, ತುಂಬಿಕೊಡಲು ಆಗದ್ದು.

ನಾಳೆ ಬೆಳಿಗ್ಗೆ ಹೊಸದುರ್ಗಕ್ಕೆ ಬರುತ್ತಿದ್ದೇನೆ. ಮನೆಗಲ್ಲ, ನಿನ್ನ ಶಾಲೆಗೆ. ನಿನ್ನನ್ನು ನಾಲ್ಕು ಜನರ ಮುಂದೆ ತಪ್ಪಿತಸ್ಥಳನ್ನಾಗಿ ಮಾಡಿದವಳು ನಾನು. ನಿಜವನ್ನೂ ನಾಲ್ಕು ಜನರ ಮುಂದೆಯೇ ಹೇಳಿ ಹೋಗುತ್ತೇನೆ. ಕ್ಷಮಿಸು ಅಂತ ಕೇಳುವುದಿಲ್ಲ.